ಡಬ್ಲ್ಯೂ ಬೇಡ, ಎ ಸಾಕು

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಬೀಳುವುದು ನನ್ನ ಮೇಲಲ್ಲ, ನನ್ನ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಸಿರುವ ಹಳದಿ ಚೀಟಿಯ ಮೇಲೆ. ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಆ ಲ್ಯಾಪ್‌ಟಾಪ್ ಕಾಯಂ ಠಿಕಾಣಿ ಹೂಡಿದೆ. ಚೀಟಿಯಲ್ಲಿ ನಾನೇ ದಪ್ಪಕ್ಷರದಲ್ಲಿ ಬರೆದಿದ್ದೇನೆ: ‘ಡಬ್ಲ್ಯೂ ಬೇಡ, ಎ ಸಾಕು.’ ಬಾಯ್ಲರ್ ನೋಡಲು ಬಂದ ಪುಣ್ಯಾತ್ಮ ಕನ್ನಡದ ಅಕ್ಷರ ಕಂಡು, ‘ಪ್ರೇಯರಾ?’ ಎಂದು ಕೇಳಿದ. ಕ್ವೀನ್ಸ್‌ಬರಿ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ಕರಿಬೇವು ತೆಗೆದುಕೊಂಡು ಹಾಗೇ ಇಣುಕಿದ ಗೆಳತಿಯೊಬ್ಬಳು ಇದು ವಿಟಮಿನ್ ವಿಚಾರ ಎಂದುಕೊಂಡು, ‘ಎ ಎಲ್ಲಾ ಸಾಲಲ್ಲ ಕಣ್ರೀ, ಈ ಇಂಗ್ಲಿಷರ ಊರಲ್ಲಿ ಬಿಸಿಲಿಲ್ಲ, ಡಿ ತಗೊಳ್ಳಿ’ ಎಂದು ಉಪದೇಶ ಮಾಡಿ ಹೋದಳು. ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ನೀವು ಪುರುಸೊತ್ತಾಗಿ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ನಾನು ಪೈಥಾನ್ ಕಲಿತೆ. ನಗಬೇಡಿ. ಮೊದಲು ನಕ್ಕವಳು ಗದಗಿನಲ್ಲಿರುವ ನನ್ನ ಅಕ್ಕ. ಪ್ರತಿ ಶನಿವಾರ ಫೋನಿನಲ್ಲಿ ಮಾತಾಡುವುದು ನಮ್ಮ ಪದ್ಧತಿ. ‘ಏನ್ ಕಲ್ಯಾಕ ಹೊಂಟಿ?’ ಅಂದಳು. ಹೇಳಿದೆ. ‘ಅಂದ್ರ ಹೆಬ್ಬಾವು ಅಲ್ಲೇನವಾ? ಈ ವಯಸ್ಸಿನಾಗ ಹಾವ ಆಡ್ಸೂದು ಕಲ್ತು ಏನ್ ಮಾಡಾಕಿ ನೀ?’ ಅಂದಳು. ಇದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ, ಒಂದು ಕಡತ ಓದು, ಇನ್ನೊಂದರಲ್ಲಿ ಬರೆ ಅಂತ ಹೇಳಿದರೆ ಮಾಡುತ್ತದೆ ಎಂದು ವಿವರಿಸಿದೆ. ‘ಹೇಳಿದ್ ಮಾತ್ ಕೇಳ್ತೈತಿ? ಹಂಗಾದ್ರ ಕಲಿ, ಮನ್ಯಾಗ ಯಾರೂ ಕೇಳಂಗಿಲ್ಲ’ ಎಂದು ಆಶೀರ್ವಾದ ಮಾಡಿದಳು.

ಕಲಿಯಲು ಕಾರಣ ನಮ್ಮ ಮಕ್ಕಳ ನಾಟಕ. ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಮಕ್ಕಳು ಒಂದು ನಾಟಕ ಆಡಬೇಕು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ನನ್ನ ಮಗಳು ಮೇಘಾಳಿಗೆ ‘ಊಟಕ್ಕೆ ಬಾರೇ’ ಅಂದರೆ ‘ಇನ್ ಎ ಮಿನಿಟ್, ಮಮ್’ ಅನ್ನುತ್ತಾಳೆ. ಅಕ್ಷರವಂತೂ ಅವರಿಗೆ ಜಿಲೇಬಿಯ ತಟ್ಟೆ ನೋಡಿದಂತೆ. ಹಾಗಾಗಿ ನಾಟಕದ ಮಾತುಗಳನ್ನೆಲ್ಲ ತಾಯಂದಿರು ಇಂಗ್ಲಿಷ್ ಅಕ್ಷರದಲ್ಲಿ, ಅಂದರೆ ಕಂಗ್ಲಿಷಿನಲ್ಲಿ, ಕೂತು ಬರೆದುಕೊಡುವುದು ರೂಢಿ. ಬೆರಳು ನೋವು ಬರುತ್ತದೆ, ಒಬ್ಬೊಬ್ಬಳು ಒಂದೊಂದು ಥರ ಬರೆಯುತ್ತಾಳೆ, ಕೊನೆಗೆ ಮಕ್ಕಳು ಏನು ಹೇಳುತ್ತಿದ್ದಾರೆ ಎಂದು ಹೆತ್ತವಳಿಗೇ ತಿಳಿಯುವುದಿಲ್ಲ. ಈ ಸಲ ನಾಟಕ ಬರೆಯುವ ಜವಾಬ್ದಾರಿ ನನ್ನದು. ಕನ್ನಡದ ಕಡತ ಓದಿ ಕಂಗ್ಲಿಷ್ ಕಡತ ಬರೆಯುವ ಪ್ರೋಗ್ರಾಮನ್ನೂ ನಾನೇ ಮಾಡುತ್ತೇನೆ ಎಂದು ಪಣ ತೊಟ್ಟೆ. ಐಟಿಯಲ್ಲಿರುವ ನಮ್ಮನೆಯವರು, ಅಪ್ಪಟ ಬೆಂಗಳೂರಿನವರು, ‘ಅದಕ್ಕೆಲ್ಲ ಆ್ಯಪ್ ಇದೆ ಕಣೇ’ ಅಂದರು. ಆ ಒಂದು ಮಾತು ಸಾಕಾಯಿತು, ನಾನು ಮರುದಿನವೇ ಲೈಬ್ರರಿಯ ಮಹಡಿಯಲ್ಲಿ ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ನಡೆಸುವ ತರಗತಿಗೆ ಹೆಸರು ಕೊಟ್ಟು ಬಂದೆ.

ತರಗತಿಯಲ್ಲಿ ನಾನು ಮೊದಲ ಸಲ ಕನ್ನಡದ ಕಡತ ತೆರೆದು ಓದಿಸಿದ ದಿನ ಮರೆಯುವಂಥದ್ದಲ್ಲ. ಪರದೆಯ ತುಂಬ ತಲೆಯ ಮೇಲೆ ಗೀರು ಎಳೆದುಕೊಂಡ ಇಂಗ್ಲಿಷ್ ‘ಎ’ ಅಕ್ಷರಗಳು, ಒಂದೊಂದರ ಹೆಗಲ ಮೇಲೂ ಒಂದು ಪುಟಾಣಿ ಎರಡರ ಅಂಕಿ! ನನ್ನ ಮಹಾರಾಜ, ಮಂತ್ರಿ ಎಲ್ಲ ಅದರಲ್ಲಿ ಮುಳುಗಿಹೋಗಿದ್ದರು. ಅಯ್ಯೋ ದೇವರೇ, ಮಷಿನ್ನು ಕೆಡಿಸಿಬಿಟ್ಟೆನಲ್ಲಾ ಎಂದು ಕೈ ಮೇಲೆತ್ತಿ ಕೂತೆ. ಟೀಚರು ಬಂದು ನೋಡಿ, ‘ಇದು ಯಾವ ಲಿಪಿ ಅಂತ ಅದಕ್ಕೆ ಹೇಳಿಯೇ ಇಲ್ಲವಲ್ಲ’ ಎಂದು ಒಂದು ಪದ ಸೇರಿಸಿದರು. ಥಟ್ಟನೆ ಕನ್ನಡ ಬಂದು ಕೂತಿತು. ಸುತ್ತಲಿನ ಸೊಮಾಲಿಯಾದವರು, ಪೋಲೆಂಡಿನವರು ಎಲ್ಲ ಎದ್ದು ಬಂದು ನನ್ನ ಅಕ್ಷರ ನೋಡಿ ಹೋದರು. ನನಗೋ, ಸೊಸೆ ತೋರಿಸುವ ಅತ್ತೆಯ ಜಂಬ.

ಕಡತ ತೆರೆಯುವುದಕ್ಕೆ ಮೂರು ಅಕ್ಷರ ಕಲಿಸಿದರು. ಬರೀ ಓದುವುದಾದರೆ ಆರ್. ಬರೆಯುವುದಾದರೆ ಡಬ್ಲ್ಯೂ. ಇರುವುದರ ಕೆಳಗೆ ಸೇರಿಸುವುದಾದರೆ ಎ. ಡಬ್ಲ್ಯೂ ಹಾಕಿ ತೆರೆದರೆ ಒಳಗೆ ಏನಿದ್ದರೂ ಅದು ಮೊದಲು ಒರೆಸಿ ಹಾಕುತ್ತದೆ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನನಗೆ ತಕ್ಷಣ ಗದಗಿನ ನಮ್ಮ ಶಾಲೆ ನೆನಪಾಯಿತು. ಸ್ಲೇಟಿಗೆ ನಮ್ಮಲ್ಲಿ ಪಾಟಿ ಅನ್ನುತ್ತೇವೆ. ಅಕ್ಕೋರು, ಅಂದರೆ ನಮ್ಮ ಟೀಚರು, ‘ಹೊಸಾ ಲೆಕ್ಕ ಬರಕೋರಿ’ ಎಂದರೆ ಸಾಕು, ಇಡೀ ತರಗತಿ ಥೂ ಥೂ ಎಂದು ಉಗುಳಿ, ಲಂಗದ ಅಂಚಿನಲ್ಲಿ ಪಾಟಿ ಒರೆಸುತ್ತಿತ್ತು. ಲೆಕ್ಕ ತಪ್ಪಿದವರು ಎಲ್ಲರಿಗಿಂತ ಜೋರಾಗಿ ಒರೆಸುತ್ತಿದ್ದರು. ನನ್ನ ಲಂಗದ ಅಂಚು ವರ್ಷಪೂರ್ತಿ ಬೂದಿ ಬಣ್ಣ, ಅವ್ವ ಎಷ್ಟು ಕುಕ್ಕಿ ಒಗೆದರೂ ಹೋಗುತ್ತಿರಲಿಲ್ಲ.

ನನ್ನ ಪ್ರೋಗ್ರಾಮು ಎರಡು ಕಡತ ತೆರೆಯುತ್ತಿತ್ತು. ಕನ್ನಡದ ಕಡತವನ್ನು ಓದಲು, ಕಂಗ್ಲಿಷಿನದನ್ನು ಬರೆಯಲು. ಹೊಸ ಕಡತಕ್ಕೆ ಹೆಸರಿಡುವ ಕೆಲಸವನ್ನೂ ಪ್ರೋಗ್ರಾಮಿಗೇ ವಹಿಸಿದೆ. ಹಳೆಯ ಕಡತದ ಹೆಸರು ಕನ್ನಡದಲ್ಲಿ ‘ನಾಟಕ’. ಒಳಗಿನ ಮಾತುಗಳನ್ನು ಬದಲಾಯಿಸುವಂತೆಯೇ ಹೆಸರನ್ನೂ ಬದಲಾಯಿಸಿ, ಇಂಗ್ಲಿಷ್ ಅಕ್ಷರದಲ್ಲಿ ‘ನಾಟಕ’ ಎಂದು ತಾನೇ ಹೊಸ ಕಡತಕ್ಕೆ ಇಡುತ್ತಿತ್ತು. ಕೆಲಸ ಮುಗಿದ ಮೇಲೆ ‘ಶಭಾಷ್!’ ಎಂದು ಪರದೆಯ ಮೇಲೆ ಬರುವಂತೆಯೂ ಮಾಡಿದ್ದೆ. ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲವಲ್ಲ. ನಮ್ಮನೆಯವರು ನೋಡಿ, ‘ಪರವಾಗಿಲ್ವೇ!’ ಅಂದರು. ಬೆಂಗಳೂರಿನವರ ಬಾಯಲ್ಲಿ ಅದು ಸನ್ಮಾನವೇ ಸರಿ.

ನಾಟಕದ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಗುಮಾಸ್ತರು. ಸಂಜೆಯಾದರೆ ಊರಿನ ಹವ್ಯಾಸಿ ತಂಡದ ನಾಟಕಗಳಲ್ಲಿ ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಎತ್ತಿಕೊಡುವ ಕೆಲಸ. ನಾನು ಅವರ ಪಕ್ಕದಲ್ಲಿ ಒಂದು ಟ್ರಂಕಿನ ಮೇಲೆ ಕೂತು ಪುಟ್ಟಿ ತುಂಬ ಚುರುಮುರಿ ತಿನ್ನುತ್ತಿದ್ದೆ. ಕೆಲವು ನಟರು ಅಪ್ಪ ಎತ್ತಿಕೊಟ್ಟ ಮಾತನ್ನು ಬಿಟ್ಟು ತಮ್ಮ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದರು. ಜನ ಸಿಳ್ಳೆ ಹೊಡೆದರೆ ಅಪ್ಪ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ನಾಟಕದ ಪ್ರತಿಯಲ್ಲಿ ಹಳೆಯ ಮಾತು ಹೊಡೆದು ಹೊಸದನ್ನು ಬರೆಯುತ್ತಿದ್ದರು. ಬರೆದ ಸಾಹಿತಿಗೆ ಸಿಟ್ಟು ಬರೋದಿಲ್ಲವಾ ಎಂದು ಒಮ್ಮೆ ಕೇಳಿದೆ. ‘ಬರದಾಂವ ಮನ್ಯಾಗ ಕುಂತಾನ, ಆಡಾಂವ ಮಂದಿ ಮುಂದ ನಿಂತಾನ. ಯಾರ ಮಾತ ಇಟ್ಕೋಬೇಕು, ನೀನ ಹೇಳು’ ಅಂದರು. ಚುರುಮುರಿಯ ಧ್ಯಾನದಲ್ಲಿದ್ದ ನಾನು ಪುಟ್ಟಿಯ ತಳ ಕೆದಕಿದೆ.

ಈಗ ಬರೆದು ಮನೆಯಲ್ಲಿ ಕೂತವಳು ನಾನು. ನಾಟಕದ ಕಥೆ ಇಷ್ಟೇ: ತನ್ನ ಅಪ್ಪಣೆಯಿಲ್ಲದೆ ಮಳೆ ಬರಕೂಡದು ಎಂದು ಹಟ ಹಿಡಿದ ಒಬ್ಬ ರಾಜ, ಅವನ ಕೈಗೆ ಸಿಕ್ಕಿ ಕಷ್ಟಪಡುವ ಮಂತ್ರಿ, ಕೊನೆಗೆ ರಾಜನಿಗೆ ಬುದ್ಧಿ ಹೇಳುವ ಒಬ್ಬ ಅಜ್ಜಿ. ಭಾಷೆ ಮಾತ್ರ ಭಾರೀ. ‘ಎಲೈ ಮಂತ್ರಿಯೇ, ಎಮ್ಮ ಅಪ್ಪಣೆಯಿಲ್ಲದೆ ಮಳೆ ಸುರಿಯಿತೇಕೆ?’ ಎಂಬ ಮಟ್ಟದ್ದು. ಹಾಗೆ ಬರೆಯಲು ಒಂದು ಕಾರಣ ಹತ್ತಿರದ ಪಿನ್ನರ್‌ನಲ್ಲಿರುವ ಕೃಷ್ಣಮೂರ್ತಿಗಳು. ನಿವೃತ್ತರು, ಬಳಗದ ವಾಟ್ಸಾಪಿನಲ್ಲಿ ಯಾರು ಏನು ಬರೆದರೂ ತಿದ್ದುವವರು. ಹುಟ್ಟುಹಬ್ಬದ ಶುಭಾಶಯವನ್ನೂ ಬಿಟ್ಟವರಲ್ಲ. ಅವರ ಕಣ್ಣಿಗೆ ಬೀಳಬಾರದೆಂದು ನಾಟಕದ ಕನ್ನಡ ಪ್ರತಿಯನ್ನು ನಾನು ಯಾರಿಗೂ ಕಳಿಸಿರಲಿಲ್ಲ.

ಇನ್ನೊಂದು ಕಾರಣ ನನ್ನ ನಾಲಿಗೆ. ಈ ಊರಿಗೆ ಬಂದ ಹೊಸದರಲ್ಲಿ ಒಂದು ಊಟದ ಕೂಟದಲ್ಲಿ ನಾನು ‘ಸಾರು ಭಾಳ ಚಲೋ ಐತಿ’ ಅಂದೆ. ಒಬ್ಬಾಕೆ ‘ಹೌ ಕ್ಯೂಟ್! ಇನ್ನೊಂದ್ಸಲ ಹೇಳಿ’ ಅಂದಳು. ಪಾಪ, ಪ್ರೀತಿಯಿಂದಲೇ ಅಂದದ್ದು. ನಾನು ಇನ್ನೊಂದು ಸಲ ಹೇಳಲಿಲ್ಲ. ಅಂದಿನಿಂದ ಹೊರಗೆ ಹೋದರೆ ಸೀರೆಯ ಜೊತೆ ಮಾತನ್ನೂ ಇಸ್ತ್ರಿ ಮಾಡಿಕೊಂಡೇ ಹೋಗುವುದು. ಮನೆಯಲ್ಲೂ ಅದೇ ರೂಢಿಯಾಯಿತು. ಶನಿವಾರದ ಫೋನಿನಲ್ಲಿ ಮಾತ್ರ ಅಕ್ಕನ ಜೊತೆ ಸುಕ್ಕು ಸುಕ್ಕಾಗಿಯೇ ಮಾತಾಡುತ್ತೇನೆ.

ತಾಲೀಮಿನಲ್ಲಿ ಮಕ್ಕಳು ಹಾಳೆ ನೋಡಿಕೊಂಡೇ ಮಾತು ಹೇಳುವುದು ಕಂಡು ನನಗೆ ರೇಗಿತು. ನಾಟಕಕ್ಕೆ ಇನ್ನು ಎರಡೇ ವಾರವಿದೆ ಎನ್ನುವಾಗ, ಅವರ ಕೈಲಿದ್ದ ಕಂಗ್ಲಿಷ್ ಹಾಳೆಗಳನ್ನೆಲ್ಲ ಕಿತ್ತುಕೊಂಡು ‘ಮುಂದಿನ ಸಲ ಬಾಯಿಪಾಠ!’ ಎಂದು ಗದರಿ, ಹಾಳೆಗಳನ್ನು ರೀಸೈಕ್ಲಿಂಗ್ ಡಬ್ಬಿಗೆ ಹಾಕಿದೆ. ಲಾರಿ ಬಂದು ತೆಗೆದುಕೊಂಡು ಹೋಯಿತು. ತಾಯಂದಿರಿಗೆ ಮಾತ್ರ ಹೊಸ ಪ್ರತಿ ತೆಗೆದುಕೊಡೋಣ ಎಂದು ಶನಿವಾರ ಬೆಳಿಗ್ಗೆ ಕಾಫಿ ಪಕ್ಕಕ್ಕಿಟ್ಟುಕೊಂಡು, ಹೆಸರು ನೋಡದೆ ಕಣ್ಣಿಗೆ ಬಿದ್ದ ಕಡತ ಕೊಟ್ಟು ಪ್ರೋಗ್ರಾಮು ಓಡಿಸಿದೆ. ‘ಶಭಾಷ್!’ ಅಂದಿತು. ಕಂಗ್ಲಿಷ್ ಕಡತ ತೆರೆದೆ. ಖಾಲಿ. ಕನ್ನಡದ್ದನ್ನು ನೋಡೋಣವೆಂದು ಹುಡುಕಿದರೆ ಅದು ಇಲ್ಲವೇ ಇಲ್ಲ.

‘ರೀ!’ ಎಂದು ನಾನು ಕೂಗಿದ್ದು ಪಕ್ಕದ ಮನೆಯ ಗುಜರಾತಿ ಆಂಟಿಗೂ ಕೇಳಿಸಿತಂತೆ. ನಮ್ಮನೆಯವರು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಂದರು. ನಿಧಾನಕ್ಕೆ ವಿಷಯ ಹೊರಬಿತ್ತು. ಹಿಂದಿನ ದಿನ ನನ್ನ ಸಲುವಾಗಿ ಕನ್ನಡದ ನಾಟಕ ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿಸಿ ತನ್ನಿ ಎಂದು ನಾನೇ ಅವರನ್ನು ಲ್ಯಾಪ್‌ಟಾಪ್ ಸಮೇತ ಲೈಬ್ರರಿಗೆ ಓಡಿಸಿದ್ದೆ. ಅಲ್ಲಿ ಪ್ರಿಂಟರಿಗೆ ಕನ್ನಡದ ಹೆಸರು ಬರೀ ಚೌಕ ಚೌಕವಾಗಿ ಕಂಡಿತಂತೆ. ಇವರು ಉಪಕಾರ ಮಾಡೋಣವೆಂದು ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದ್ದಾರೆ. ಅದೇ ಹೆಸರಿನ ಹಳೆಯ ಕಂಗ್ಲಿಷ್ ಕಡತ ಅಡ್ಡ ಬಂದದ್ದಕ್ಕೆ, ಹೇಗೂ ಮತ್ತೆ ತೆಗೆಯಬಹುದಲ್ಲ ಎಂದು ಅದನ್ನು ಅಳಿಸಿಯೂ ಇದ್ದಾರೆ. ಆದರೂ ಪ್ರಿಂಟ್ ಆಗಲಿಲ್ಲ, ಹಾಗೇ ವಾಪಸು ಬಂದಿದ್ದಾರೆ. ಈಗ ನನ್ನ ಜಾಣ ಪ್ರೋಗ್ರಾಮು ಇಂಗ್ಲಿಷಿನಲ್ಲೇ ಇದ್ದ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿತು. ಬದಲಾಗುವುದಕ್ಕೆ ಏನಿದೆ ಮಣ್ಣು? ಓದುವ ಕಡತ, ಬರೆಯುವ ಕಡತ ಎರಡೂ ಒಂದೇ ಆಯಿತು. ಡಬ್ಲ್ಯೂ ಹಾಕಿ ಬರೆಯಲು ತೆರೆದ ಕೂಡಲೇ ಪಾಟಿ ಒರೆಸಿ ಹೋಯಿತು. ಆಮೇಲೆ ಖಾಲಿ ಪಾಟಿಯನ್ನು ಶ್ರದ್ಧೆಯಿಂದ ಓದಿ, ನನಗೆ ಶಭಾಷ್ ಕೊಟ್ಟಿತು.

‘ಬ್ಯಾಕಪ್ ಇಲ್ವಾ?’ ಎಂದರು ನಮ್ಮನೆಯವರು. ಮೂವತ್ತು ವರ್ಷ ಐಟಿಯಲ್ಲಿ ದುಡಿದವರಿಗೆ ಅದೊಂದೇ ಮಂತ್ರ. ನಾನು ದೋಸೆ ಕಾವಲಿ ಕುಕ್ಕಿದೆ.

ಬರೆದವಳು ನಾನೇ ತಾನೇ, ಮತ್ತೆ ಬರೆಯುತ್ತೇನೆ ಎಂದು ಕೂತೆ. ‘ಎಲೈ ಮಂತ್ರಿಯೇ’ ಬಂತು. ಮುಂದಕ್ಕೆ ಹೋಗಲಿಲ್ಲ. ನಾನು ಬರೆದ ಒಂದು ವಾಕ್ಯವೂ ನನಗೇ ನೆನಪಿಲ್ಲ! ಯಾರೂ ಆಡದ ಮಾತು ಯಾರ ನೆನಪಿನಲ್ಲಿ ಉಳಿಯಬೇಕು? ಹಾಲ್ ಬುಕ್ ಆಗಿದೆ, ರಾಜನ ಕಿರೀಟಕ್ಕೆ ಜರಿ ಅಂಟಿಸಿಯಾಗಿದೆ, ಮರುದಿನ ಬಿಟ್ಟು ಅದರ ಮುಂದಿನ ಭಾನುವಾರ ನಾಟಕ. ನನಗೆ ಅಳುವೇ ಬಂತು.

ಮಧ್ಯಾಹ್ನ ಮಕ್ಕಳು ತಾಲೀಮಿಗೆ ಬಂದರು. ರಾಜನ ಪಾತ್ರದ ರಯನ್, ಅವನ ಜೊತೆಗೆ ಅವನ ಅಜ್ಜಿ ಸಿಸಿಲಿಯಾ ಆಂಟಿ. ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ಮಂತ್ರಿಯ ಪಾತ್ರಕ್ಕೆ ಬೆಂಗಳೂರು ದಂಪತಿಯ ಮಗ ತನ್ಮಯ. ಅಜ್ಜಿಯ ಪಾತ್ರ ನಮ್ಮ ಮೇಘಾಳದ್ದು. ನಾಟಕ ಹೋಯಿತು ಮಕ್ಕಳೇ ಎಂದೆ. ಚಕ್ಕುಲಿ ತಿನ್ನುತ್ತಿದ್ದ ತನ್ಮಯ, ‘ಇಟ್ಸ್ ಫೈನ್ ಆಂಟಿ, ವಿ ನೋ ಇಟ್. ಯು ಜಸ್ಟ್ ಟೈಪ್’ ಅಂದ. ಹಾಳೆ ಕಿತ್ತುಕೊಂಡ ಮೇಲೆ ವಾರವಿಡೀ ಮನೆಯಲ್ಲಿ ಬಾಯಿಪಾಠ ನಡೆದಿತ್ತಂತೆ. ನನಗೆ ಹೋದ ಜೀವ ಬಂತು. ಕಾರ್ಪೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮಹಾರಾಜರೇ ಶುರು ಮಾಡಿ ಎಂದೆ.

ರಯನ್ ಸೊಂಟಕ್ಕೆ ಕೈ ಕೊಟ್ಟ. ‘ಎಂತ ಮಂತ್ರಿ ಇದು? ನನ್ನ ಹತ್ರ ಕೇಳದೆ ಮಳೆ ಬಂದದ್ದು ಹೇಗೆ ಮಾರಾಯ?’

ನನ್ನ ಬೆರಳು ನಿಂತಿತು. ‘ಇದು ನಾನು ಬರೆದದ್ದಲ್ಲವಲ್ಲ?’ ಎಂದೆ. ಸಿಸಿಲಿಯಾ ಆಂಟಿ ಚಹಾ ಕೆಳಗಿಟ್ಟು, ‘ನೀವು ಬರೆದದ್ದು ಅವನ ಬಾಯಿಗೆ ಬರುವುದಿಲ್ಲ ಮಾರಾಯ್ತಿ. ಅವನಿಗೆ ಬಿಡಿ, ನನಗೇ ಬರುವುದಿಲ್ಲ. ಅರ್ಥ ಅದೇ ಅಲ್ವಾ?’ ಅಂದರು. ಮಂತ್ರಿ ಕಾಯಲಿಲ್ಲ. ‘ಮೋಡದ್ ಮೇಲೆ ನಮ್ ಕಂಟ್ರೋಲ್ ಇಲ್ಲ ಗುರು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ತನ್ಮಯ ಕೈ ಮುಗಿದ. ನಮ್ಮನೆಯವರು ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ‘ಪ್ರಭು’ವನ್ನು ‘ಗುರು’ ಮಾಡಿದನಲ್ಲಾ ಈ ಹುಡುಗ ಎಂದು ಒಂದು ಕ್ಷಣ ಸಿಟ್ಟು ಬಂದದ್ದು ನಿಜ. ಬಂದಷ್ಟೇ ಬೇಗ ಹೋಯಿತು. ನಾನೂ ನಗುತ್ತ ಟೈಪ್ ಮಾಡಿದೆ.

ಮೇಘಾ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಸರದಿ ಬಂತು. ನಾನು ಬರೆದಿದ್ದದ್ದು, ‘ಮಹಾರಾಜರೇ, ಮಳೆಯು ಯಾರ ಅಪ್ಪಣೆಯನ್ನೂ ಕೇಳದು’ ಎಂದೋ ಏನೋ. ಅವಳು ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡಂತೆ ಕೈ ಮಾಡಿ, ದನಿ ಏರಿಸಿ ಹೇಳಿದಳು:

‘ಏ ರಾಜಪ್ಪಾ! ಮಳಿ ಯಾರ್ ಮಾತ್ ಕೇಳ್ತೈತಿ? ತೊಯ್ಸಿಕೊಂಡು ನಿಂತೀಯಲ್ಲೋ ನನ ಕೂಸಽ, ಒಳಗ ಬಾ, ಬಿಸಿ ರೊಟ್ಟಿ ತಿನ್ನು.’

ನಮ್ಮ ಅವ್ವ ಕೂತು ಮಾತಾಡಿದ ಹಾಗೆ. ಊಟಕ್ಕೆ ಕರೆದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು, ಗದಗಿನ ಮಾತನ್ನು ಅದರ ರಾಗದ ಸಮೇತ ಆಡುತ್ತಿದ್ದಾಳೆ. ‘ಎಲ್ಲಿ ಕಲಿತೆಯೇ ಇದನ್ನ?’ ಎಂದೆ.

‘ಯು,’ ಅಂದಳು. ‘ಆನ್ ದ ಫೋನ್. ವಿತ್ ದೊಡ್ಡಮ್ಮ.’ ಭುಜ ಕುಣಿಸಿ ಮತ್ತೆ ಮೆಟ್ಟಿಲ ಮೇಲೆ ಕೂತು, ‘ಯು ಸೌಂಡ್ ನೈಸರ್ ದೆನ್’ ಎಂದು ಸೇರಿಸಿದಳು.

ಮಕ್ಕಳ ಮುಂದೆ ಅಳಬಾರದೆಂದು ನಾನು ಕೀಬೋರ್ಡ್ ನೋಡುತ್ತ ಕೂತೆ. ಅವಳ ಮಾತು ಚುಚ್ಚಿತು, ಖುಷಿಯೂ ಆಯಿತು, ಎರಡೂ ಒಟ್ಟಿಗೆ. ಇಷ್ಟು ವರ್ಷ ನಾನು ಇಸ್ತ್ರಿ ಮಾಡಿದ ಮಾತನ್ನೇ ಬಡಿಸಿದ್ದೆ, ಅವಳು ಮಾತ್ರ ಸುಕ್ಕಿನದ್ದನ್ನು ಆರಿಸಿ ಇಟ್ಟುಕೊಂಡಿದ್ದಳು. ‘ಐತಿ’ ಎಂದು ನಾನು ಜೀವಮಾನದಲ್ಲಿ ಬರೆದಿರಲಿಲ್ಲ. ಶಾಲೆಯಲ್ಲಿ ಬರೆದರೆ ಏಟು ಬೀಳುತ್ತಿತ್ತು. ಈಗ ಬರೆದೆ. ಒಂದು ಪುಟ ತುಂಬಿದಾಗಲೊಮ್ಮೆ ಕಡತಕ್ಕೆ ಸೇರಿಸಿದೆ, ಡಬ್ಲ್ಯೂ ಅಲ್ಲ, ಎ ಹಾಕಿ. ಹಳದಿ ಚೀಟಿ ಹುಟ್ಟಿದ್ದು ಆವತ್ತೇ. ಅಪ್ಪ ಬೆಳಗಿನ ಚಹಾದ ಜೊತೆ ಮಾಡುತ್ತಿದ್ದ ಕೆಲಸವನ್ನೇ ನಾನು ಮಧ್ಯಾಹ್ನದ ಚಹಾದ ಜೊತೆ ಮಾಡಿದೆ ಎಂದು ಹೊಳೆದದ್ದು ಪಾತ್ರೆ ತೊಳೆಯುವಾಗ.

ನಾಟಕದ ದಿನ ಹಾಲಿನ ಪರದೆಯ ಮರೆಯಲ್ಲಿ ನಾನು ನಿಂತೆ, ಮಾತು ಎತ್ತಿಕೊಡಲು. ಒಂದೂ ಎತ್ತಿಕೊಡಬೇಕಾಗಲಿಲ್ಲ. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಾಗ ಊರಿನ ಆಚೆ ತುದಿಯ ಕ್ರೋಯ್ಡನ್ನಿನಿಂದ ಬಂದ ಬೆಂಗಳೂರಿನ ದಂಡು ಕುರ್ಚಿ ಕುಟ್ಟಿತು. ‘ಮಾರಾಯ’ ಕೇಳಿ ಕರಾವಳಿಯವರ ಸಾಲು ಕುಣಿಯಿತು. ರಾಜಪ್ಪನನ್ನು ಅಜ್ಜಿ ಒಳಗೆ ಕರೆದಾಗ ಮಾತ್ರ ಜನ ನಗಲಿಲ್ಲ, ಚಪ್ಪಾಳೆ ಹೊಡೆದರು. ಕೃಷ್ಣಮೂರ್ತಿಗಳು ಸೀದಾ ನನ್ನ ಕಡೆಗೇ ಬಂದರು. ಬಂತಪ್ಪಾ ಗ್ರಹಚಾರ ಎಂದುಕೊಂಡೆ. ‘ಆ ಮುದುಕಿಯ ಮಾತು ಯಾರಮ್ಮ ಬರೆದದ್ದು?’ ಎಂದರು. ‘ನಮ್ಮೂರಿನ ಮಾತು ಸಾರ್. ತಿದ್ದಬೇಕಾ?’ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ‘ತೀರಿಹೋದ ನನ್ನ ಹೆಂಡತಿ ಬಿಜಾಪುರದವಳು’ ಎಂದಷ್ಟೇ ಹೇಳಿ ಬಿಸಿಬೇಳೆಬಾತಿನ ಸಾಲಿಗೆ ಹೋದರು.

ಎಲ್ಲ ಮುಗಿಸಿ, ಹಾಲಿನ ಬೀಗದ ಕೈ ಒಪ್ಪಿಸಿ ಹೊರಗೆ ಬಂದರೆ ಮಳೆ. ನಮ್ಮನೆಯವರು ಕಾರು ತಂದು ನಿಲ್ಲಿಸಿದ್ದರು, ಮೇಘಾ ಒಳಗೆ ಕೂತಾಗಿತ್ತು. ನನ್ನ ಒಂದು ಕೈಯಲ್ಲಿ ರಾಜನ ಕಿರೀಟ, ಇನ್ನೊಂದರಲ್ಲಿ ಖಾಲಿ ಪಾತ್ರೆ, ಕಂಕುಳಲ್ಲಿ ಬಿಚ್ಚಿಕೊಳ್ಳದ ಕೊಡೆ. ಕೊಡೆಯ ಜೊತೆ ಗುದ್ದಾಡುತ್ತ ಅಲ್ಲೇ ನಿಂತು ನೆನೆಯುತ್ತಿದ್ದೆ. ಕಾರಿನ ಕಿಟಕಿ ಇಳಿಯಿತು. ಯಾವಾಗಲೂ ಮಮ್ ಎನ್ನುವ ಹುಡುಗಿ ತಲೆ ಹೊರಗೆ ಹಾಕಿ ಕೂಗಿದಳು:

‘ಏ ಅವ್ವಾ! ಮಳಿ ಯಾರ್ ಮಾತ್ ಕೇಳ್ತೈತಿ? ಒಳಗ ಬಾ!’

ನಾನು ಕೊಡೆಯನ್ನು ಅಲ್ಲೇ ಮಡಿಚಿದೆ. ‘ಬಂದ್ನೆವಾ’ ಎಂದೆ. ಒಳಗೆ ಹೋದೆ.